ಎರಡು ಗೆರೆಗಳ ನಡುವಿನ ಚುಕ್ಕೆ: ಆಸ್ಪತ್ರೆಯ ಗುಣಮಟ್ಟವನ್ನು ಅಳೆಯುವ ಬಗೆ

ಆಸ್ಪತ್ರೆಯ ರಕ್ತಪರೀಕ್ಷಾ ಪ್ರಯೋಗಾಲಯದಲ್ಲಿ ಬೆಳಿಗ್ಗೆ ಯಂತ್ರ ಮೊದಲು ಪರೀಕ್ಷಿಸುವುದು ರೋಗಿಯ ರಕ್ತವನ್ನಲ್ಲ. ಫ್ರಿಜ್ಜಿನಿಂದ ತೆಗೆದು, ತಣುಪು ಇಳಿಯಲು ಬಿಟ್ಟ ಪುಟ್ಟ ಸೀಸೆಯೊಂದರ ಕಂಟ್ರೋಲ್ ಸೀರಮ್ಮಿಗೆ ಅಲ್ಲಿ ಮೊದಲ ಸರದಿ. ಅದರಲ್ಲಿರುವ ಸಕ್ಕರೆಯ ಅಂಶ ಮೊದಲೇ ಗೊತ್ತಿರುತ್ತದೆ. ಉದಾಹರಣೆಗೆ 100 ಎಂದು ಇಟ್ಟುಕೊಳ್ಳೋಣ. ಯಂತ್ರ ಒಂದು ದಿನ 98 ತೋರಿಸುತ್ತದೆ, ಮರುದಿನ 103, ಅದರ ಮರುದಿನ 101. ತಂತ್ರಜ್ಞೆ ಆ ಸಂಖ್ಯೆಯನ್ನು ನಕ್ಷೆಯಲ್ಲಿ ಒಂದು ಚುಕ್ಕೆಯಾಗಿ ಗುರುತಿಸುತ್ತಾರೆ. ನಡುವೆ ಸರಾಸರಿಯ ಗೆರೆ, ಮೇಲೊಂದು ಕೆಳಗೊಂದು ಮಿತಿಯ ಗೆರೆ. ಮಿತಿಗಳು 91 ಮತ್ತು 109 ಎಂದಾದರೆ, 103 ಬಂದ ದಿನ ಯಾರೂ ಯಂತ್ರವನ್ನು ಮುಟ್ಟುವುದಿಲ್ಲ. 112 ಬಂದ ದಿನ ‘ಕ್ಯೂಸಿ ಔಟ್’, ಅಂದರೆ ಗುಣಮಟ್ಟದ ಅಳತೆ ಮಿತಿ ಮೀರಿದೆ ಎಂಬ ಮಾತು ಕೇಳಿಬರುತ್ತದೆ, ಕಾರಣ ಸಿಗುವವರೆಗೆ ಒಬ್ಬ ರೋಗಿಯ ಸಕ್ಕರೆಯ ವರದಿಯೂ ಹೊರಗೆ ಹೋಗುವುದಿಲ್ಲ. ಮಿತಿಯೊಳಗೇ ಇದ್ದರೂ ಹತ್ತು ಚುಕ್ಕೆಗಳು ಸಾಲಾಗಿ ಸರಾಸರಿಯ ಒಂದೇ ಬದಿಗೆ ಬಿದ್ದರೆ ಅದೂ ಎಚ್ಚರಿಕೆಯೇ: ಪರೀಕ್ಷೆಗೆ ಬಳಸುವ ರಾಸಾಯನಿಕ (ರೀಏಜೆಂಟ್) ಹಳತಾಗಿರಬಹುದು, ಯಂತ್ರದ ದೀಪ ಮಂಕಾಗುತ್ತಿರಬಹುದು.

ಲೆವಿ ಮತ್ತು ಜೆನ್ನಿಂಗ್ಸ್ ಎಂಬಿಬ್ಬರು 1950ರಲ್ಲಿ ವೈದ್ಯಕೀಯ ಪ್ರಯೋಗಾಲಯಗಳಿಗೆ ತಂದ ಈ ನಕ್ಷೆಯನ್ನು ತಂತ್ರಜ್ಞರು ಇಂದಿಗೂ ‘ಎಲ್‌ಜೆ ಚಾರ್ಟ್’ ಎಂದೇ ಕರೆಯುತ್ತಾರೆ. ಅದರ ಮೂಲವಿರುವುದು ಟೆಲಿಫೋನ್ ಉಪಕರಣಗಳನ್ನು ತಯಾರಿಸುತ್ತಿದ್ದ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ. ಅಲ್ಲಿ ಕೆಲಸದಲ್ಲಿದ್ದ ಭೌತವಿಜ್ಞಾನಿ ವಾಲ್ಟರ್ ಶೂಹಾರ್ಟ್ 1924ರ ಮೇ 16ರಂದು ತಮ್ಮ ಮೇಲಧಿಕಾರಿಗೆ ಬರೆದ ಚಿಕ್ಕ ಟಿಪ್ಪಣಿಯಲ್ಲಿ ಮೊತ್ತಮೊದಲ ನಿಯಂತ್ರಣ ನಕ್ಷೆಯಿತ್ತು. ಯಾವ ಕೆಲಸವನ್ನು ಎಷ್ಟು ಸಲ ಮಾಡಿದರೂ ಫಲಿತಾಂಶ ತುಸು ಹೆಚ್ಚುಕಡಿಮೆಯಾಗುತ್ತಲೇ ಇರುತ್ತದೆ. ಈ ಏರಿಳಿತದಲ್ಲಿ ಎರಡು ಬಗೆ. ಒಂದು, ಆ ಕೆಲಸ ನಡೆಯುವ ರೀತಿಯಲ್ಲೇ ಬೆರೆತುಹೋಗಿರುವ ನೂರಾರು ಸಣ್ಣ ಕಾರಣಗಳಿಂದ ಬರುವುದು. ಇನ್ನೊಂದು, ಹೊರಗಿನಿಂದ ಬಂದು ಸೇರಿದ, ಹುಡುಕಿದರೆ ಕೈಗೆ ಸಿಗುವ ವಿಶೇಷ ಕಾರಣದಿಂದ ಬರುವುದು. ಇವೆರಡನ್ನು ಬೇರ್ಪಡಿಸಲು ಶೂಹಾರ್ಟ್ ಸರಾಸರಿಯಿಂದ ಮೂರು ಸಿಗ್ಮಾ ದೂರದಲ್ಲಿ ಗೆರೆ ಎಳೆದರು. ಸಿಗ್ಮಾ ಎಂದರೆ ಸಂಖ್ಯೆಗಳು ಸರಾಸರಿಯ ಸುತ್ತ ಸಾಮಾನ್ಯವಾಗಿ ಎಷ್ಟು ಚದುರಿಕೊಂಡಿರುತ್ತವೆ ಎಂಬುದರ ಅಳತೆ.

ಪ್ರಯೋಗಾಲಯದಲ್ಲಿ ದಿನವೂ ಪಾಲಿಸುವ ಈ ವಿವೇಕ ಅದೇ ಆಸ್ಪತ್ರೆಯ ಮಾಸಿಕ ಪರಿಶೀಲನಾ ಸಭೆಗೆ ಬಂದಾಗ ಕಾಣೆಯಾಗುತ್ತದೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಅಲ್ಲಿ ಹೋದ ತಿಂಗಳು, ಈ ತಿಂಗಳು ಎಂಬ ಎರಡೇ ಅಂಕಣಗಳಿರುತ್ತವೆ. ಶಸ್ತ್ರಚಿಕಿತ್ಸೆಯ ಗಾಯದ ಸೋಂಕು ಶೇಕಡಾ 4ರಿಂದ 6ಕ್ಕೆ ಏರಿದರೆ ವಾರ್ಡಿನ ಮೇಲ್ವಿಚಾರಕಿ ಕಾರಣ ಹೇಳಬೇಕು. ಮುಂದಿನ ತಿಂಗಳು ಅದು 3ಕ್ಕೆ ಇಳಿದರೆ, ಆಗಿನ ತರಾಟೆಯಿಂದಲೇ ಇಳಿಯಿತೆಂದು ಎಲ್ಲರೂ ನಂಬುತ್ತಾರೆ. ಆ ಮೂರು ಸಂಖ್ಯೆಗಳೂ ಒಂದೇ ವ್ಯವಸ್ಥೆಯ ಸಹಜ ಏರಿಳಿತವಾಗಿರಬಹುದು ಎಂಬ ಯೋಚನೆ ಯಾರಿಗೂ ಬರುವುದಿಲ್ಲ.

ಎರಡು ತಿಂಗಳ ಹೋಲಿಕೆ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ವಿಯೆನ್ನಾ ಜನರಲ್ ಆಸ್ಪತ್ರೆಯ ಹಳೆಯ ಲೆಕ್ಕಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. ಬಾಣಂತಿ ಜ್ವರದ ಸಾವು ಮೊದಲನೆಯದರಲ್ಲೇ ಬಹಳ ಹೆಚ್ಚು. 1846ರಲ್ಲಿ ಆ ವಿಭಾಗದ ಸಾವಿನ ಪ್ರಮಾಣ ಜನವರಿಯಲ್ಲಿ ಶೇಕಡಾ 13.4, ಏಪ್ರಿಲ್‌ನಲ್ಲಿ 19.0, ಜೂನ್‌ನಲ್ಲಿ 10.2, ಆಗಸ್ಟ್‌ನಲ್ಲಿ 18.1, ನವೆಂಬರ್‌ನಲ್ಲಿ 10.8. ಏಪ್ರಿಲ್‌ನಿಂದ ಜೂನ್‌ಗೆ ಬಂದಾಗ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಇಂದಿನ ಸಭೆಯಾಗಿದ್ದರೆ ಯಾರಿಗೋ ಅಭಿನಂದನೆ ಸಲ್ಲುತ್ತಿತ್ತು. ಆಗಸ್ಟ್‌ನಲ್ಲಿ ಅದೇ ವ್ಯಕ್ತಿ ತಲೆ ತಗ್ಗಿಸಬೇಕಾಗುತ್ತಿತ್ತು.

ಆ ವರ್ಷದ ಜನವರಿಯಿಂದ ನವೆಂಬರ್‌ವರೆಗಿನ ಹನ್ನೊಂದು ತಿಂಗಳ ಅಂಕಿಗಳಿಂದ ಶೂಹಾರ್ಟ್‌ರ ರೀತಿಯಲ್ಲಿ ನಕ್ಷೆ ಬರೆದರೆ ಸರಾಸರಿ ಸುಮಾರು 14.5 ಬರುತ್ತದೆ. ತಿಂಗಳಿಗೆ ಸುಮಾರು 280 ಹೆರಿಗೆಗಳೆಂದು ಹಿಡಿದರೆ ಕೆಳಗಿನ ಮಿತಿ 8ರ ಆಸುಪಾಸು, ಮೇಲಿನ ಮಿತಿ 21ರ ಆಸುಪಾಸು. ಹನ್ನೊಂದು ಚುಕ್ಕೆಗಳೂ ಒಳಗೇ ಬೀಳುತ್ತವೆ. ಸಂಖ್ಯಾಶಾಸ್ತ್ರದ ಮಾತಿನಲ್ಲಿ ಆ ವಾರ್ಡು ‘ನಿಯಂತ್ರಣದಲ್ಲಿತ್ತು’. ಈ ಪದ ಓದುಗರನ್ನು ಬೆಚ್ಚಿಬೀಳಿಸಬೇಕು, ಏಕೆಂದರೆ ಅಲ್ಲಿ ಏಳು ತಾಯಂದಿರಲ್ಲಿ ಒಬ್ಬರು ಸಾಯುತ್ತಿದ್ದರು. ನಿಯಂತ್ರಣದಲ್ಲಿದೆ ಎಂದರೆ ಚೆನ್ನಾಗಿದೆ ಎಂದಲ್ಲ. ಕೆಲಸದ ರೀತಿ ಬದಲಾಗದಿದ್ದರೆ ಮುಂದಿನ ತಿಂಗಳೂ ಹೀಗೆಯೇ ಎಂದಷ್ಟೇ. ಏಪ್ರಿಲ್‌ನಲ್ಲಿ ಏನು ತಪ್ಪಾಯಿತೆಂದು ವಿಚಾರಿಸಿದ್ದರೆ ಉತ್ತರ ಸಿಗುತ್ತಿರಲಿಲ್ಲ, ಜೂನ್‌ನಲ್ಲೂ ಅದೇ ತಪ್ಪು ನಡೆಯುತ್ತಿತ್ತು.

ಆಮೇಲೆ ಡಿಸೆಂಬರ್‌ನಲ್ಲಿ ಚುಕ್ಕೆ ತಟ್ಟನೆ 5.4ಕ್ಕೆ ಇಳಿದು ಕೆಳಗಿನ ಗೆರೆಯನ್ನು ದಾಟಿತು. 1847ರ ಜನವರಿಯಲ್ಲಿ 3.2, ಫೆಬ್ರವರಿಯಲ್ಲಿ 1.9, ಮಾರ್ಚ್‌ನಲ್ಲಿ 3.6. ಇದು ನಿಜವಾದ ಬದಲಾವಣೆ. ಆ ಹೊತ್ತಿಗೆ ಸರ್ಕಾರದ ಸಮಿತಿಯೊಂದು ವಿದೇಶಿ ವಿದ್ಯಾರ್ಥಿಗಳ ಒರಟು ತಪಾಸಣೆಯೇ ರೋಗಕ್ಕೆ ಕಾರಣವೆಂದು ತೀರ್ಮಾನಿಸಿತ್ತು, ವಿದ್ಯಾರ್ಥಿಗಳ ಸಂಖ್ಯೆಯನ್ನು 42ರಿಂದ 20ಕ್ಕೆ ಇಳಿಸಲಾಗಿತ್ತು. ಸಮಿತಿಯ ಮಾತೇ ಸರಿಯೆಂದು ತೋರಿರಬೇಕು. ಆದರೆ ಏಪ್ರಿಲ್‌ನಲ್ಲಿ ಅದೇ 20 ವಿದ್ಯಾರ್ಥಿಗಳಿರುವಾಗಲೇ ಚುಕ್ಕೆ 18.3ಕ್ಕೆ ಜಿಗಿಯಿತು. ಮಾರ್ಚ್ 20ರಂದು ಇಗ್ನಾಜ್ ಸೆಮೆಲ್ವೈಸ್ ಸಹಾಯಕ ವೈದ್ಯರಾಗಿ ಆ ವಿಭಾಗಕ್ಕೆ ಮರಳಿದ್ದರು. ಅವರು ದಿನವೂ ಶವಪರೀಕ್ಷೆ ಮಾಡಿ ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದರು, ಶವದ ಸೋಂಕು ಕೈಗಳ ಮೂಲಕ ತಾಯಂದಿರಿಗೆ ತಲುಪುತ್ತಿತ್ತು. ಚಳಿಗಾಲದ ಆ ತಿಂಗಳುಗಳಲ್ಲಿ ಹಿಂದಿನ ಸಹಾಯಕರೂ ವಿದ್ಯಾರ್ಥಿಗಳೂ ಶವಾಗಾರಕ್ಕೆ ಹೋಗುತ್ತಿದ್ದುದೇ ಅಪರೂಪವಾಗಿತ್ತೆಂದು ಅವರೇ ಮುಂದೆ ಬರೆದರು. ತಮ್ಮ ಕೈಯಿಂದಲೇ ಎಷ್ಟು ತಾಯಂದಿರು ಸತ್ತರೋ ದೇವರಿಗೇ ಗೊತ್ತು ಎಂಬ ಅರ್ಥದ ಅವರ ಮಾತನ್ನು ಓದುವಾಗ ಇಂದಿಗೂ ಮನಸ್ಸು ಭಾರವಾಗುತ್ತದೆ.

ಮೇ ತಿಂಗಳ ನಡುವಿನಿಂದ, ಬ್ಲೀಚಿಂಗ್ ಪೌಡರಿನಂಥ ಕ್ಲೋರಿನ್ ಸುಣ್ಣವನ್ನು ಕರಗಿಸಿದ ನೀರಿನಲ್ಲಿ ಕೈ ತೊಳೆದೇ ವಾರ್ಡಿಗೆ ಬರಬೇಕೆಂಬ ನಿಯಮ ಬಂತು. ಮೇ 12.2, ಜೂನ್ 2.2, ಜುಲೈ 1.2, ಆಗಸ್ಟ್ 1.9. ಸೆಪ್ಟೆಂಬರ್‌ನಲ್ಲಿ 4.6 ಆಯಿತು, ಅಕ್ಟೋಬರ್ ಮತ್ತು ನವೆಂಬರ್‌ನಲ್ಲೂ 4ಕ್ಕೆ ಕಡಿಮೆಯಾಗಲಿಲ್ಲ. ಹಳೆಯ ಮಿತಿಗಳಿಗೆ ಹೋಲಿಸಿದರೆ ಇವು ನಗಣ್ಯ. ಹೊಸ ಮಟ್ಟಕ್ಕೆ ಹೋಲಿಸಿದರೆ ಇಮ್ಮಡಿಗೂ ಹೆಚ್ಚು. ಕೆಲಸದ ರೀತಿ ಬದಲಾದ ಮೇಲೆ ಗೆರೆಗಳನ್ನು ಹೊಸದಾಗಿ ಎಳೆಯಬೇಕು ಎಂಬ ನಿಯಮದ ಅಗತ್ಯ ಇಲ್ಲಿ ಕಾಣುತ್ತದೆ. ಅಕ್ಟೋಬರ್‌ನಲ್ಲಿ, ತಪಾಸಣೆ ಆರಂಭವಾಗುವ ಮೊದಲ ಹಾಸಿಗೆಯಲ್ಲೇ ಗರ್ಭಕೋಶದ ಕ್ಯಾನ್ಸರ್‌ನಿಂದ ಕೀವು ಸೋರುತ್ತಿದ್ದ ಹೆಂಗಸೊಬ್ಬರಿದ್ದರು. ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುತ್ತಿದ್ದುದು ವಾರ್ಡಿಗೆ ಬರುವಾಗ ಮಾತ್ರ. ಅವರನ್ನು ಮುಟ್ಟಿದ ಕೈ ಬರೀ ಸೋಪಿನಲ್ಲಿ ತೊಳೆದುಕೊಂಡು ಸಾಲಿನುದ್ದಕ್ಕೂ ಸಾಗಿತು. ಅವರ ಜೊತೆಗಿದ್ದ 12 ಮಂದಿಯಲ್ಲಿ 11 ಮಂದಿ ಸತ್ತರು. ಒಬ್ಬರನ್ನು ಮುಟ್ಟಿ ಇನ್ನೊಬ್ಬರನ್ನು ಮುಟ್ಟುವ ಮುಂಚೆಯೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕೆಂಬ ನಿಯಮ ಆಮೇಲೆ ಬಂತು. 1848ರ ಮಾರ್ಚ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಆ ವಿಭಾಗದಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ.

ಇಂಥ ನಕ್ಷೆಯನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡ ವೈದ್ಯರೂ ಇದ್ದಾರೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ಹೃದಯ ಶಸ್ತ್ರಚಿಕಿತ್ಸಕ ಮಾರ್ಕ್ ಡಿ ಲೆವಾಲ್, ಮುಖ್ಯ ರಕ್ತನಾಳಗಳು ಅದಲುಬದಲಾಗಿ ಹುಟ್ಟಿದ 104 ನವಜಾತ ಶಿಶುಗಳ ಶಸ್ತ್ರಚಿಕಿತ್ಸೆಯ ಫಲಿತಾಂಶವನ್ನು 1994ರಲ್ಲಿ ಪ್ರಕಟಿಸಿದರು. ಮೊದಲ 52ರಲ್ಲಿ ಒಂದೇ ಸಾವು, ಮುಂದಿನ 16ರಲ್ಲಿ ಏಳು. ಪ್ರತಿ ಫಲಿತಾಂಶವನ್ನೂ ಹಿಂದಿನದಕ್ಕೆ ಕೂಡಿಸುತ್ತ ಹೋಗುವ ಕ್ಯೂಸಮ್ ಎಂಬ ಬಗೆಯ ನಕ್ಷೆಯಲ್ಲಿ ಈ ಏರು ಸ್ಪಷ್ಟವಾಗಿ ಕಾಣುತ್ತದೆ. ಅವರು ತಮಗಿಂತ ಒಳ್ಳೆಯ ಫಲಿತಾಂಶ ಪಡೆಯುತ್ತಿದ್ದ ಸಹೋದ್ಯೋಗಿಯ ಬಳಿ ಹೋಗಿ ಮತ್ತೆ ಕಲಿತು ಬಂದರು, ಸಾವಿನ ಆ ಸರಣಿ ನಿಂತಿತು.

ತಾಲ್ಲೂಕು ಆಸ್ಪತ್ರೆಯಂಥ ಕಡೆ ತಾಯಿಯ ಸಾವು ಅಪರೂಪ. ತಿಂಗಳ ಶೇಕಡಾವಾರು ಲೆಕ್ಕ ಸೊನ್ನೆ, ಸೊನ್ನೆ, ಒಂದು ಎಂದು ಕುಣಿಯುತ್ತದೆಯೇ ಹೊರತು ಏನನ್ನೂ ಹೇಳುವುದಿಲ್ಲ. ಅಲ್ಲಿ ಎರಡು ಸಾವುಗಳ ನಡುವೆ ಎಷ್ಟು ಸುರಕ್ಷಿತ ಹೆರಿಗೆಗಳಾದವು ಎಂಬುದನ್ನು ಚುಕ್ಕೆಯಾಗಿಸುವುದು ಮೇಲು. ಹೆರಿಗೆಯ ನಂತರದ ರಕ್ತಸ್ರಾವ, ಹುಟ್ಟಿದ ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳ ಪ್ರಮಾಣ ಇಂಥವನ್ನು ವಾರಕ್ಕೊಮ್ಮೆ ಗುರುತಿಸಬಹುದು. ಹೆರಿಗೆ ಸೇವೆಯ ಗುಣಮಟ್ಟ ಸುಧಾರಿಸಲು ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮದಿಂದ ಹೆರಿಗೆ ಕೋಣೆಗಳಲ್ಲಿ ಅಂಕಿಗಳೇನೋ ಸಂಗ್ರಹವಾಗುತ್ತಿವೆ. ಅವು ಕಂಪ್ಯೂಟರಿನ ಮೂಲಕ ಮೇಲಿನ ಕಚೇರಿಗೆ ಹೋಗುವ ಮುಂಚೆ ವಾರ್ಡಿನ ಗೋಡೆಯ ಮೇಲಿನ ಗ್ರಾಫ್ ಹಾಳೆಗೆ ಬರಬೇಕು. ಚುಕ್ಕೆಯನ್ನು ಅಲ್ಲಿನ ನರ್ಸ್ ಇಡಬೇಕು, ಅದರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಆ ವಾರದ ಮಾತನ್ನೂ ಬರೆದಿಡಬೇಕು: ಮೂರು ದಿನ ನೀರು ಬರಲಿಲ್ಲ, ರಾತ್ರಿ ಪಾಳಿಗೆ ಒಬ್ಬರೇ ಇದ್ದರು, ಉಪಕರಣಗಳನ್ನು ಹಬೆಯಲ್ಲಿ ಸೋಂಕುರಹಿತಗೊಳಿಸುವ ಹೊಸ ಆಟೋಕ್ಲೇವ್ ಬಂತು.