ಪುಕ್ಕಟೆ ಹಾಲಿನ ಪುಡಿ ಕಟ್ಟಿಸಿದ ಡೇರಿಗಳು

ಡೇರಿ ಸರ್ಕಲ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳದ ಬೆಂಗಳೂರಿಗರು ಕಡಿಮೆ. ಅಲ್ಲೇ ಹತ್ತಿರ ಆಡುಗೋಡಿಯಲ್ಲಿ ಒಂದು ಹಳೇ ಹೈನು ಸಂಸ್ಥೆ ಇದೆ. ಶುರುವಾಗಿದ್ದು 1923ರಲ್ಲಿ. 1927ರಲ್ಲಿ ಗಾಂಧೀಜಿ ಇಲ್ಲಿಗೆ ಬಂದು ದನ ಸಾಕುವ ಪಾಠ ಕೇಳಿಸಿಕೊಂಡರು, ಪುಸ್ತಕದಲ್ಲಿ ಸಬರಮತಿಯ ರೈತ ಅಂತ ಬರೆದು ಸಹಿ ಹಾಕಿದರು.

1940ರ ದಶಕದಲ್ಲಿ ಇದೇ ಸಂಸ್ಥೆಗೆ ತರಬೇತಿಗೆ ಬಂದವರು ವರ್ಗೀಸ್ ಕುರಿಯನ್. ಕೇರಳದ ಹುಡುಗ, ಮದ್ರಾಸಿನ ಗಿಂಡಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವರು. ಹಾಲಿನ ಕೆಲಸ ಅವರಿಗೆ ಸ್ವಲ್ಪವೂ ಬೇಕಿರಲಿಲ್ಲ, ಆದರೆ ಅಮೆರಿಕಕ್ಕೆ ಹೋಗಲು ಸಿಕ್ಕ ಸರ್ಕಾರಿ ಸ್ಕಾಲರ್‌ಶಿಪ್ ಹೈನುಗಾರಿಕೆಗೇ ಇತ್ತು. ಓದು ಮುಗಿಸಿ ಬಂದಮೇಲೆ, ಸ್ಕಾಲರ್‌ಶಿಪ್ಪಿಗೆ ಬದಲಾಗಿ ಸರ್ಕಾರಿ ಕೆಲಸ ಮಾಡಬೇಕೆಂಬ ಬಾಂಡ್ ತೀರಿಸಲು 1949ರ ಮೇನಲ್ಲಿ ಗುಜರಾತಿನ ಆನಂದ್‌ಗೆ ಹೋದರು. ಬೇಗ ಬಿಟ್ಟುಬರುವ ಯೋಚನೆಯೇ ಇತ್ತು. ಆದರೆ ಅಲ್ಲಿ ರೈತರ ಹಾಲಿನ ಸಂಘ ಕಟ್ಟಿದ್ದ ತ್ರಿಭುವನದಾಸ್ ಪಟೇಲ್ ಕುರಿಯನ್‌ರನ್ನು ಉಳಿಸಿಕೊಂಡರು. ಆಮೇಲೆ ಆ ಸಂಘ ಅಮುಲ್ ಆಗಿ ಬೆಳೆದ ಕತೆ ಎಲ್ಲರಿಗೂ ಗೊತ್ತು.

ನನಗೆ ದೊಡ್ಡದು ಅನ್ನಿಸೋದು ಅದರ ಮುಂದಿನ ಭಾಗ. 1960ರ ದಶಕದ ಕೊನೆಗೆ ಯುರೋಪಿನಲ್ಲಿ ಹಾಲಿನ ಪುಡಿ, ಬೆಣ್ಣೆ ಜಾಸ್ತಿಯಾಗಿ ರಾಶಿ ಬಿದ್ದಿತ್ತು. ಅದನ್ನು ದಾನ ಅಂತ ಇಲ್ಲಿ ಸುಮ್ನೆ ಹಂಚಿಬಿಟ್ಟರೆ ಏನಾಗುತ್ತದೆ? ಊಟಕ್ಕಿಲ್ಲದ ಮಗುವಿಗೆ ಒಂದು ಲೋಟ ಹಾಲು ಸಿಗುತ್ತದೆ, ನಿಜ. ಆದರೆ ಎರಡು ಎಮ್ಮೆ ಇಟ್ಟುಕೊಂಡು ಬದುಕುವ ರೈತನ ಹಾಲಿನ ಬೆಲೆ ಬಿದ್ದುಹೋಗುತ್ತದೆ, ನಾಳೆ ಅವನೂ ದಾನಕ್ಕೆ ಕೈಚಾಚಬೇಕಾಗುತ್ತದೆ. ಕುರಿಯನ್ ಹಂಚಲಿಲ್ಲ. 1970ರಲ್ಲಿ ಶುರುವಾದ ಆಪರೇಷನ್ ಫ್ಲಡ್ ಅನ್ನೋ ದೇಶದ ಹೈನು ಯೋಜನೆಯಲ್ಲಿ ಆ ಪುಡಿ, ಬೆಣ್ಣೆಯೆಣ್ಣೆಯಿಂದ ಮತ್ತೆ ಹಾಲು ಮಾಡಿ ದೊಡ್ಡ ಊರುಗಳಲ್ಲಿ ದುಡ್ಡಿಗೇ ಮಾರಿದರು, ಬಂದ ಹಣವನ್ನು ಹಳ್ಳಿ ಸಂಘ, ಡೇರಿ, ಟ್ಯಾಂಕರ್‌ಗಳಿಗೆ ಹಾಕಿದರು. ಹೊರಗಿನ ಪುಡಿಗೇ ದೇಶ ಒಗ್ಗಿಹೋಗುತ್ತದೆ ಅಂತ ಟೀಕೆ ಬಂತು. ಆ ಭಯ ಸುಳ್ಳೇನಲ್ಲ, ಆದರೆ 1998ರ ಹೊತ್ತಿಗೆ ಹಾಲಿನಲ್ಲಿ ಭಾರತ ಅಮೆರಿಕವನ್ನೂ ಹಿಂದೆ ಹಾಕಿತ್ತು.

ನಮ್ಮ ಬೆಂಗಳೂರು ಡೇರಿ ಶುರುವಾಗಿದ್ದು 1965ರಲ್ಲಿ, ಯುನಿಸೆಫ್ ನೆರವಿನಿಂದ, ಸರ್ಕಾರದ ಕೈಯಲ್ಲಿ. ಹಾಲು ಹಾಕುವ ರೈತರೇ ಒಡೆಯರಾಗಿರುವ ಆನಂದ್ ಮಾದರಿಯ ಸಂಘಗಳು ಕರ್ನಾಟಕದ ಹಳ್ಳಿಗಳಿಗೆ ಬಂದಿದ್ದು 1974ರ ನಂತರ, ವಿಶ್ವಬ್ಯಾಂಕ್ ಸಾಲದಲ್ಲಿ. ಈ ಸಂಘಗಳ ರಾಜ್ಯ ಒಕ್ಕೂಟಕ್ಕೆ ಕೆಎಂಎಫ್ ಅನ್ನೋ ಹೆಸರು ಬಂದಿದ್ದು 1984ರಲ್ಲಿ. ಅಲ್ಲೂ ಹಣ ಹೊರಗಿನದೇ, ಸಂಘ ಮಾತ್ರ ಹಾಲು ಹಾಕುವವರದು. ಇದೇ ಮುಖ್ಯ ಅಲ್ವಾ? ಕುರಿಯನ್ ಕೊನೆವರೆಗೂ ತಾನು ರೈತರ ನೌಕರ ಅಂತಲೇ ಹೇಳಿಕೊಂಡರು. 2012ರಲ್ಲಿ ತೀರಿಕೊಂಡರು.

ಹೊಸಕೋಟೆ, ದೇವನಹಳ್ಳಿ ಕಡೆ ಈಗಲೂ ಬೆಳಗ್ಗೆ ಸಂಜೆ ಹೆಂಗಸರು ಕ್ಯಾನು ಹಿಡಿದು ಸಂಘದ ಮುಂದೆ ನಿಲ್ಲುತ್ತಾರೆ. ಸಂಘದವರು ಹಾಲಿನ ಕೊಬ್ಬಿನಂಶ (ಫ್ಯಾಟ್) ನೋಡಿ ಲೆಕ್ಕ ಬರೆಯುತ್ತಾರೆ. ಬಟವಾಡೆ ಬಂದ ದಿನ ಅಂಗಡಿ ಬಾಕಿ ತೀರುತ್ತದೆ, ಬೂಸಾ, ಹಿಂಡಿ ಬರುತ್ತದೆ, ಸ್ಕೂಲ್ ಫೀಸಿಗೆ ಅಂತ ಒಂದಿಷ್ಟು ಎತ್ತಿಡುತ್ತಾರೆ.