ಬಳ್ಳಾರಿ ಬಿಸಿಲಲ್ಲಿ ಬಿಳಿ ನೌಕೆ ಬೆಳ್ಳಗೇ ಉಳಿಯುತ್ತದಾ?

ಪ್ರಶ್ನೆ: ಪ್ಲಾಸ್ಟಿಕ್ ತುಂಡು ಒಂದಕ್ಕೊಂದು ಜೋಡಿಸೋ ಲೆಗೊ ಆಟಿಕಿ ಅದಲ್ರಿ, ಅದರ ಸ್ಪೇಸ್ ಶಟಲ್ (ಬಾಹ್ಯಾಕಾಶ ನೌಕೆ) ಸೆಟ್ ತಗೋಬೇಕಂತ ಮಾಡೀನ್ರಿ. ನಮ್ಮದು ಬಳ್ಳಾರಿ. ಮೇ ತಿಂಗಳ ಬಿಸಿಲು ನಿಮಗ ಗೊತ್ತೇ ಅದ, ಅದರ ಮ್ಯಾಲೆ ಸಂಡೂರು ಕಡೆಯ ಕೆಂಪು ಧೂಳು ಬ್ಯಾರೆ. ಜೋಡಿಸಿ ಶೋಕೇಸಿನಾಗ ಇಟ್ರ ಬೆಳ್ಳಗ ಉಳೀತದೇನ್ರಿ? ಇಲ್ಲಾ ಡಬ್ಬಿ ಒಡೀದಂಗ ಹಂಗೇ ಎತ್ತಿಡೋದು ಚಲೋನ?

ಉತ್ತರ: ಒಡೀರಿ, ಜೋಡಿಸ್ರಿ. ಪ್ಲಾಸ್ಟಿಕ್ಕನ್ನು ಹಳದಿ ಮಾಡುವುದು ಮುಖ್ಯವಾಗಿ ಬೆಳಕು, ಸೆಕೆ ಅಲ್ಲ. ಧೂಳು ತಾನಾಗಿ ಕೂತರೆ ಹಾಳು ಮಾಡುವುದು ಕಡಿಮೆ, ಅದನ್ನು ಒರೆಸುವ ಕೈಯೇ ಹೆಚ್ಚು ಹಾಳು ಮಾಡುತ್ತದೆ. ಈ ಎರಡನ್ನು ಸಂಭಾಳಿಸಿದರೆ ಬಳ್ಳಾರಿಯಲ್ಲೂ ರಾಯಚೂರಿನಲ್ಲೂ ಬಿಳಿ ನೌಕೆ ವರ್ಷಗಟ್ಟಲೆ ಬೆಳ್ಳಗೇ ಇರುತ್ತದೆ.

ಮೊದಲು ಸೆಕೆಯ ಭಯ ಬಿಡಿ. ಲೆಗೊ ಬ್ರಿಕ್‌ಗಳನ್ನು 1963ರಿಂದ ಎಬಿಎಸ್ ಎಂಬ ಪ್ಲಾಸ್ಟಿಕ್‌ನಲ್ಲಿ ಅಚ್ಚು ಹಾಕುತ್ತಿದ್ದಾರೆ. ಅದು ಮೆತ್ತಗಾಗುವುದು 100 ಡಿಗ್ರಿಯ ಆಸುಪಾಸಿನಲ್ಲಿ. ನೆರಳಿನಲ್ಲಿ 42–43 ಡಿಗ್ರಿ ಬಂದರೂ ಅದಕ್ಕೆ ಏನೂ ಆಗುವುದಿಲ್ಲ. ತೊಂದರೆ ಇರುವುದು ಮೂರು ಜಾಗದಲ್ಲಿ: ತಗಡಿನ ಸೂರಿನ ಕೆಳಗಿನ ಅಟ್ಟ, ಬಿಸಿಲಲ್ಲಿ ನಿಂತ ಕಾರು, ಬಿಸಿಲು ಬೀಳುವ ಗಾಜಿನ ಪೆಟ್ಟಿಗೆ. ಅಲ್ಲಿಯ ಶಾಖಕ್ಕೆ ಪೀಸ್ ಕರಗುವುದಿಲ್ಲ, ಆದರೆ ಎಳೆತದಲ್ಲಿರುವ ಭಾಗಗಳು ನಿಧಾನವಾಗಿ ಆಕಾರ ಬಿಡುತ್ತವೆ. ಬಾರ್ (ಸಣ್ಣ ಕಡ್ಡಿಯಂಥ ಪೀಸ್) ಹಿಡಿದ ಕ್ಲಿಪ್, ಭಾರ ಹೊತ್ತ ಕೀಲು, ಒತ್ತಾಯದಿಂದ ಬಗ್ಗಿಸಿ ಕೂರಿಸಿದ ಪ್ಲೇಟ್ (ತೆಳ್ಳನೆ ಚಪ್ಪಟೆ ಪೀಸ್) ಇವೇ ಮೊದಲು ಹಿಡಿತ ಕಳೆದುಕೊಳ್ಳುವುದು. ಶಟಲ್‌ನ ಸರಕು ಕೋಣೆಯ ಉದ್ದ ಬಾಗಿಲುಗಳನ್ನು ಏಪ್ರಿಲ್–ಮೇನಲ್ಲಿ ಮುಚ್ಚಿಯೇ ಇಡಿ ಎನ್ನುವುದು ಇದಕ್ಕೇ. ತೆರೆದಿಟ್ಟ ಬಾಗಿಲಿನ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ.

ಇನ್ನು ಬೆಳಕು. ಎಬಿಎಸ್‌ನಲ್ಲಿ ಬ್ಯುಟಾಡೈನ್ ಎಂಬ ರಬ್ಬರಿನಂಥ ಅಂಶವಿದೆ. ಪ್ಲಾಸ್ಟಿಕ್ ಬಿದ್ದರೂ ಒಡೆಯದಂತೆ ಕಾಯುವುದು ಅದೇ, ನೇರಳಾತೀತ ಕಿರಣ ತಾಗಿದರೆ ಆಮ್ಲಜನಕದ ಜೊತೆ ಸೇರಿ ಹಳದಿಗೆ ತಿರುಗುವುದೂ ಅದೇ. ಕಿಟಕಿಗೆ ಗಾಜಿದೆ ಎಂದು ನೆಮ್ಮದಿಯಿಂದ ಇರಬೇಡಿ. ಸಾಮಾನ್ಯ ಗಾಜು ಈ ಕಿರಣಗಳಲ್ಲಿ ಒಂದು ಪಾಲನ್ನಷ್ಟೇ ತಡೆಯುತ್ತದೆ, ಯುವಿಎ ಎನ್ನುವ ಪಾಲು ಒಳಗೆ ಬಂದೇ ಬರುತ್ತದೆ. ಬಿಳಿ, ತಿಳಿ ಬೂದು ಬಣ್ಣಗಳಲ್ಲಿ ಇದು ಎದ್ದು ಕಾಣುತ್ತದೆ. ಶಟಲ್‌ನ ಮೈಯೆಲ್ಲ ಬಿಳಿ, ಹೊಟ್ಟೆ ಕಪ್ಪು. ಕಪ್ಪು ಭಾಗ ಹಳದಿಯನ್ನು ಮುಚ್ಚಿಕೊಳ್ಳುತ್ತದೆ, ಗೀರನ್ನು ಮಾತ್ರ ಮುಚ್ಚುವುದಿಲ್ಲ.

"ಉತ್ತರದ ಕಿಟಕಿ ಪಕ್ಕ ಇಡಿ, ಅಲ್ಲಿ ಬಿಸಿಲೇ ಬರಲ್ಲ" ಎಂಬ ಸಲಹೆ ಇಂಟರ್ನೆಟ್‌ನಲ್ಲಿ ಎಲ್ಲೆಡೆ ಸಿಗುತ್ತದೆ. ಅದು ಯುರೋಪಿನವರಿಗೆ ಸರಿ, ನಮಗೆ ಅಲ್ಲ. ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಹುಟ್ಟುವುದು, ಮುಳುಗುವುದು ಎರಡೂ ಉತ್ತರಕ್ಕೆ ಸರಿದ ಜಾಗದಲ್ಲಿ. ಹಾಗಾಗಿ ಬೇಸಿಗೆಯ ಬೆಳಗ್ಗೆ, ಸಂಜೆ ಓರೆ ಬಿಸಿಲು ಉತ್ತರದ ಕಿಟಕಿಯಿಂದ ಆರಾಮವಾಗಿ ಒಳಗೆ ಬರುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನದ ಬಿಸಿಲು ದಕ್ಷಿಣದ ಕಿಟಕಿ ಹಿಡಿಯುತ್ತದೆ. ದಿಕ್ಕು ನಂಬುವ ಬದಲು ನೆಲದ ಮೇಲೆ ಬಿಸಿಲಿನ ಚೌಕ ಎಲ್ಲಿ ಬೀಳುತ್ತದೆ ಎಂದು ಬೆಳಗ್ಗೆ 8ಕ್ಕೆ, ಸಂಜೆ 5ಕ್ಕೆ ನೋಡಿ. ಜೂನ್‌ನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ನೋಡಿದರೆ ಸಾಕು. ಎರಡೂ ಸಲ ಬಿಸಿಲು ಮುಟ್ಟದ ಗೋಡೆಯೇ ನಿಮ್ಮ ಗೋಡೆ. ಸಾಮಾನ್ಯವಾಗಿ ಅದು ಕಿಟಕಿ ಇರುವ ಗೋಡೆಯೇ ಆಗಿರುತ್ತದೆ, ಎದುರಿನದಲ್ಲ. ಒಳಗೆ ದೀಪ ಬೇಕೆಂದರೆ ಎಲ್ಇಡಿ ಪಟ್ಟಿ ಹಾಕಿ, ಅದರಲ್ಲಿ ನೇರಳಾತೀತ ಇಲ್ಲವೆನ್ನುವಷ್ಟು ಕಡಿಮೆ. ಅದರ ಅಡಾಪ್ಟರ್ ಮಾತ್ರ ಪೆಟ್ಟಿಗೆಯ ಹೊರಗಿರಲಿ.

ಧೂಳಿನ ವಿಷಯಕ್ಕೆ ಬರೋಣ. ಸಂಡೂರು ಸೀಮೆಯ ಕೆಂಪು ಧೂಳು ಅಂದರೆ ಹೆಮಟೈಟ್, ಕಬ್ಬಿಣದ ಅದಿರು. ಅದು ಎಬಿಎಸ್‌ಗಿಂತ ಎಷ್ಟೋ ಪಾಲು ಗಟ್ಟಿ. ರಾಯಚೂರಿನವರಿಗೆ ಶಕ್ತಿನಗರದ ಹಾರುಬೂದಿ, ಅದು ಗಾಜಿನಂಥ ಸಣ್ಣ ಕಣ. ಗಿಣಿಗೇರಾ ಕಡೆಯವರಿಗೆ ಕಬ್ಬಿಣದ ಕಾರ್ಖಾನೆಗಳ ಕಪ್ಪು ಮಸಿ. ಮೂರರಲ್ಲಿ ಯಾವುದೇ ಕೂತಿದ್ದರೂ ಒಣ ಬಟ್ಟೆಯಿಂದ ಒರೆಸಿದಿರೋ, ಉಪ್ಪುಕಾಗದ ಉಜ್ಜಿದ ಹಾಗೆಯೇ. ಹೊಳಪಿನ ಕಪ್ಪು ಟೈಲ್‌ಗಳ (ಮೇಲ್ಮೈ ನುಣುಪಾದ ಪೀಸ್‌ಗಳ) ಮೇಲೆ ಸುತ್ತಿ ಸುತ್ತಿ ಎಳೆದ ಕೂದಲೆಳೆಯಂಥ ಗೀರು ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಕಾಣುತ್ತದೆ. ಅದಕ್ಕೆ ಪರಿಹಾರವಿಲ್ಲ, ಪೀಸ್ ಬದಲಿಸಬೇಕು. ಒಣ ಬಟ್ಟೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಉಜ್ಜಿದಷ್ಟೂ ಪ್ಲಾಸ್ಟಿಕ್ ಮೇಲೆ ಸ್ಥಾಯೀ ವಿದ್ಯುತ್ ಕೂಡಿ, ಮಾರ್ಚ್–ಏಪ್ರಿಲ್‌ನ ಒಣ ಹವೆಗೆ ಅರ್ಧ ಗಂಟೆಯಲ್ಲಿ ಧೂಳು ಮತ್ತೆ ಬಂದು ಅಂಟುತ್ತದೆ.

ಸರಿಯಾದ ಕ್ರಮ ಹೀಗೆ. ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋವರ್‌ನಿಂದ ಮೇಲಿನಿಂದ ಕೆಳಕ್ಕೆ ಊದಿ. ಆಮೇಲೆ ಮೆತ್ತನೆ ಕೂದಲಿನ ಮೇಕಪ್ ಬ್ರಷ್‌ನ ತುದಿಯಷ್ಟೇ ತಾಗಿಸಿ ಸ್ಟಡ್‌ಗಳ (ಪೀಸಿನ ತಲೆಯ ಮೇಲಿನ ಉಬ್ಬು ಗುಂಡಿಗಳ) ನಡುವಿನ ಧೂಳು ಎತ್ತಿ. ಬಾಯಿಂದ ಊದಬೇಡಿ, ಉಗುಳಿನ ಹನಿಗೆ ಕೆಂಪು ಧೂಳು ಸೇರಿದರೆ ಚುಕ್ಕೆ ಉಳಿಯುತ್ತದೆ. ಅಡುಗೆಮನೆಯ ಒಗ್ಗರಣೆ ಹೊಗೆ, ದೇವರ ಮನೆಯ ಊದಿನಕಡ್ಡಿ ಹೊಗೆ ತಾಗುವ ಗೋಡೆಯೂ ಬೇಡ. ಆ ಜಿಡ್ಡಿನ ಪದರದ ಮೇಲೆ ಕೂತ ಧೂಳು ಬ್ರಷ್‌ಗೆ ಬರುವುದಿಲ್ಲ, ತೊಳೆಯಲೇಬೇಕಾಗುತ್ತದೆ. ಎಷ್ಟೋ ಮನೆಯಲ್ಲಿ "ಹಳದಿಯಾಯ್ತು" ಎಂದು ಗೋಳಾಡುವುದು ಈ ಜಿಡ್ಡನ್ನೇ ನೋಡಿ. ಸೋಪು ನೀರಿಗೆ ಹೋದರೆ ಜಿಡ್ಡು, ಹೋಗದಿದ್ದರೆ ಬಿಸಿಲು.

ತೊಳೆಯುವಾಗ ಕಂಪನಿಯೇ ಹೇಳುವ ಮಿತಿ 40 ಡಿಗ್ರಿ. ಮೇ ಮಧ್ಯಾಹ್ನ ನಮ್ಮ ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿಯ ನಳದ ನೀರು ಈ ಮಿತಿ ದಾಟಿರುತ್ತದೆ, ಅದಕ್ಕೇ ಬೆಳಗಿನ ನೀರು ಹಿಡಿದಿಟ್ಟುಕೊಳ್ಳಿ. ಒಂದು ಬಕೆಟ್‌ಗೆ ಪಾತ್ರೆ ತೊಳೆಯುವ ದ್ರವ ನಾಲ್ಕೈದು ಹನಿ ಸಾಕು. ಪೀಸ್‌ಗಳನ್ನು ಬಟ್ಟೆ ತೊಳೆಯುವ ಜಾಳಿಗೆ ಚೀಲದಲ್ಲಿ ಹಾಕಿ ಅದ್ದಿ ಅಲುಗಾಡಿಸಿ, ವಾಷಿಂಗ್ ಮಷೀನು ಬೇಡ. ಸ್ಟಿಕರ್ ಅಂಟಿಸಿದ ಪೀಸ್ ನೀರಿಗೆ ಇಳಿಸಬಾರದು. ಕೊನೆಯ ಸಲ ಜಾಲಿಸಲು ಬೋರಿನ ನೀರು ಬೇಡ. ಅದರ ಗಡಸು ಒಣಗಿದ ಮೇಲೆ ಕಪ್ಪು ಪೀಸ್ ಮೇಲೆ ಬಿಳಿ ಉಂಗುರವಾಗಿ ಉಳಿಯುತ್ತದೆ, ಆರ್‌ಒ ನೀರು ಬಳಸಿ. ಹಳೆ ಪಂಚೆ ಹಾಸಿ ನೆರಳಲ್ಲಿ ಒಣಗಿಸಿ, ಹೇರ್ ಡ್ರೈಯರ್ ಹಿಡಿಯಬೇಡಿ. ಥಿನ್ನರ್, ಪೆಟ್ರೋಲು, ನೇಲ್ ಪಾಲಿಶ್ ತೆಗೆಯುವ ದ್ರವ ಇವುಗಳನ್ನು ಹತ್ತಿರವೂ ಬಿಡಬೇಡಿ, ಅಸಿಟೋನ್ ಎಬಿಎಸ್ಸನ್ನು ಕರಗಿಸಿಬಿಡುತ್ತದೆ.

ಪೆಟ್ಟಿಗೆ ಊರಲ್ಲೇ ಮಾಡಿಸಬಹುದು. ಡಿಸ್ಕವರಿ ಶಟಲ್ ಸೆಟ್ (ಸಂಖ್ಯೆ 10283, 2021ರದ್ದು, 2354 ಪೀಸ್) ಸ್ಟ್ಯಾಂಡ್ ಮೇಲೆ ಕೂತಾಗ ಸುಮಾರು 54 ಸೆಂ.ಮೀ. ಉದ್ದ, 34 ಸೆಂ.ಮೀ. ಅಗಲ, 22 ಸೆಂ.ಮೀ. ಎತ್ತರ. ಜೊತೆಗೆ ಬರುವ ಹಬಲ್ ದೂರದರ್ಶಕವನ್ನೂ ಪಕ್ಕದಲ್ಲಿ ಇಡುವುದಾದರೆ ಒಳ ಅಳತೆ 70 × 45 × 32 ಹಿಡಿಯಿರಿ, ಕೈ ಆಡಿಸಲು ಜಾಗ ಸಿಗುತ್ತದೆ. ಅಲ್ಯುಮಿನಿಯಂ ಕಿಟಕಿ ಮಾಡುವ ಅಂಗಡಿಯವರಿಗೆ 5 ಎಂ.ಎಂ. ಗಾಜು, ಬಾಗಿಲಿನ ಸುತ್ತ ಸ್ಲೈಡಿಂಗ್ ಕಿಟಕಿಗೆ ಹಾಕುವ ಕೂದಲಿನ ಪಟ್ಟಿ ಎಂದು ಹೇಳಿ. ಆ ಪಟ್ಟಿಯನ್ನು ಮರೆತರೆ ಪೆಟ್ಟಿಗೆ ಮಾಡಿಸಿಯೂ ವ್ಯರ್ಥ, ಆಷಾಢದ ಗಾಳಿಗೆ ಎರಡು ಎಂ.ಎಂ. ಸಂದು ಸಾಕು. ಮೂಲೆಗೆ ಹಚ್ಚಿದ ಸಿಲಿಕೋನ್ ಹುಳಿ ವಾಸನೆ ಬಿಡುತ್ತಿರುವಷ್ಟು ದಿನ ನೌಕೆ ಒಳಗಿಡಬೇಡಿ. ಅಕ್ರಿಲಿಕ್ ಹಗುರ, ಆದರೆ ನಮ್ಮ ಧೂಳಿಗೆ ಬೇಗ ಗೀರು ಬೀಳುತ್ತದೆ. ಇಲ್ಲಿಗೆ ಗಾಜೇ ವಾಸಿ. ಇನ್ನೊಂದು ಮುಖ್ಯ ಮಾತು: ನುಸಿಗುಳಿಗೆ ಒಳಗೆ ಹಾಕಬೇಡಿ. ಅದರ ಆವಿ ಸ್ಟೈರೀನ್ ಇರುವ ಪ್ಲಾಸ್ಟಿಕ್ಕಿಗೆ ಆಗುವುದಿಲ್ಲ, ಎಬಿಎಸ್‌ನ 'ಎಸ್' ಅದೇ ಸ್ಟೈರೀನ್. ಅದೇ ಕಪಾಟಿನಲ್ಲಿ ಕಿನ್ನಾಳದ ಗೊಂಬೆಯೂ ಇದ್ದರೆ ನೌಕೆಗೆ ಹಿಡಿದ ಒದ್ದೆ ಬಟ್ಟೆ ಅದಕ್ಕೆ ತಾಗದಿರಲಿ, ಅದು ಹುಣಸೆಬೀಜದ ಅಂಟಿನ ಕೆಲಸ.

ಜೋಡಿಸುವಾಗಲೇ ಹಾಳಾಗುವುದೂ ಉಂಟು. ಒಂದು ಬ್ರಿಕ್‌ನ ಎತ್ತರ 9.6 ಎಂ.ಎಂ., ತೆಳ್ಳನೆ ಪ್ಲೇಟ್ 3.2 ಎಂ.ಎಂ., ಸ್ಟಡ್‌ನಿಂದ ಸ್ಟಡ್‌ಗೆ 8 ಎಂ.ಎಂ. ಅಂದರೆ ಮೂರು ಪ್ಲೇಟ್ ಒಂದು ಬ್ರಿಕ್ಕಿಗೆ ಸಮ, ಐದು ಪ್ಲೇಟ್‌ಗಳ ಎತ್ತರ (16 ಎಂ.ಎಂ.) ಎರಡು ಸ್ಟಡ್‌ಗಳ ಅಗಲಕ್ಕೆ ಸಮ. ನೌಕೆಗಳ ನುಣುಪು ಮೈ ನಿಂತಿರುವುದೇ ಈ ಲೆಕ್ಕದ ಮೇಲೆ. ಫಲಕಗಳನ್ನು ಅಡ್ಡ ತಿರುಗಿಸಿ ಪಕ್ಕಕ್ಕೆ ಕೂರಿಸುತ್ತಾರಲ್ಲ, ಒಳಗೆ ಎಲ್ಲೋ ಒಂದು ಪ್ಲೇಟ್ ಪೂರ್ತಿ ಒತ್ತದೆ ಕೂದಲಷ್ಟು ಎದ್ದಿದ್ದರೂ ಕೈಪಿಡಿಯ ಹತ್ತು ಹೆಜ್ಜೆ ಆದ ಮೇಲೆ ಆ ಫಲಕ ಸರಿಯಾಗಿ ಕೂರುವುದಿಲ್ಲ. ಆಗ ಬಲ ಹಾಕಿ ಅದುಮಿದರೆ ಅದೇ "ಎಳೆತದಲ್ಲಿರುವ ಭಾಗ" ಆಗುತ್ತದೆ, ಮುಂದಿನ ಬೇಸಿಗೆಗೆ ಕ್ಲಿಪ್ ಸೀಳುತ್ತದೆ. ಕೂರದಿದ್ದರೆ ಬಿಚ್ಚಿಕೊಂಡು ಹಿಂದೆ ಹೋಗಿ, ಪಕ್ಕದಿಂದ ಬೆಳಕು ಹಿಡಿದು ಪದರಗಳ ನಡುವೆ ಗೆರೆ ಕಾಣುವ ಜಾಗ ಹುಡುಕಿ.

ಫ್ಯಾನ್ ಆರಿಸಿ ಕೂತುಕೊಳ್ಳಿ ಎಂದರೆ ಮೇ ತಿಂಗಳಲ್ಲಿ ಯಾರೂ ಕೇಳುವುದಿಲ್ಲ, ಸರಿ. ಸಣ್ಣ ಪೀಸ್‌ಗಳನ್ನಾದರೂ ಅಂಚಿರುವ ಸ್ಟೀಲ್ ತಟ್ಟೆಯಲ್ಲಿ ಹಾಕಿ. ನಂಬರಿನ ಕವರ್‌ಗಳನ್ನು ಒಂದೊಂದಾಗಿ ಮಾತ್ರ ಒಡೆಯಿರಿ. ಪೀಸ್ ಕಡಿಮೆ ಬಂತು ಎನಿಸಿದರೆ ಖಾಲಿ ಕವರಿನ ಮೂಲೆ ನೋಡಿ, ಆಮೇಲೆ ಹಿಂದಿನ ಹೆಜ್ಜೆಗಳಲ್ಲಿ ಅದೇ ಥರದ ಪೀಸ್ ತಪ್ಪಿ ಹಾಕಿದ್ದೀರಾ ನೋಡಿ. ನಿಜಕ್ಕೂ ಇಲ್ಲದಿದ್ದರೆ ಕೈಪಿಡಿಯ ಕೊನೆ ಪುಟಗಳ ಪಟ್ಟಿಯಲ್ಲಿ ಅದರ ನಂಬರ್ ಇರುತ್ತದೆ, ಅದನ್ನು ಕೊಟ್ಟು ಕಂಪನಿಯ ವೆಬ್‌ಸೈಟಿನಲ್ಲಿ ಕೇಳಬಹುದು. ಸ್ಟಿಕರ್ ಮಾತ್ರ ಬೆವರು ಕೈಯಿಂದ ಅಂಟಿಸಬೇಡಿ, ಮಂಡಕ್ಕಿ ಮಿರ್ಚಿ ತಿಂದ ಕೈಯಿಂದಂತೂ ಬೇಡವೇ ಬೇಡ. ಎಣ್ಣೆ ತಾಗಿದ ಅಂಚು ಮೊದಲ ಬೇಸಿಗೆಗೇ ಸುರುಳಿ ಏಳುತ್ತದೆ. ಕನ್ನಡಕದ ಬಟ್ಟೆಯಿಂದ ಪೀಸ್ ಒರೆಸಿ, ಚಿಮಟದಲ್ಲಿ ಸ್ಟಿಕರ್ ಹಿಡಿದು, ಒಂದು ಅಂಚು ಕೂರಿಸಿ ಬೆರಳಿನಿಂದ ಇನ್ನೊಂದು ಅಂಚಿಗೆ ನೂಕಿ.

ಈಗಾಗಲೇ ಹಳದಿಯಾಗಿದ್ದರೆ? ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮುಳುಗಿಸಿ ಬಿಸಿಲಿಗಿಡುವ ಉಪಾಯವಿದೆ. ಬಿಳಿ ಆಗುವುದು ನಿಜ, ಕೆಲವು ಕಾಲಕ್ಕೆ ಮತ್ತೆ ಹಳದಿ ಆಗುವುದೂ ನಿಜ. ಮಾಡುವುದಾದರೆ ಕೈಗವಸು ಹಾಕಿ, ಬೆಳಗ್ಗೆ 10ರೊಳಗಿನ ಬಿಸಿಲಲ್ಲಿ ಮಾಡಿ, ಬಾಟಲಿಯ ಮುಚ್ಚಳ ಬಿಗಿ ಮಾಡಬೇಡಿ, ಅನಿಲ ತುಂಬಿ ಸಿಡಿಯಬಹುದು. ಗುಳ್ಳೆ ಅಂಟಿ ತೇಲಿದ ಪೀಸ್ ಅರ್ಧ ಬಿಳಿ ಅರ್ಧ ಹಳದಿ ಆಗುತ್ತದೆ, ಆಗಾಗ ಮಗುಚಬೇಕು. ಹತ್ತಿಪ್ಪತ್ತು ಪೀಸ್ ಮಾತ್ರ ಹಳದಿಯಾಗಿದ್ದರೆ ಈ ರಗಳೆ ಬೇಡ, ಬಿಡಿಬಿಡಿ ಪೀಸ್ ತರಿಸುವುದೇ ಮೇಲು.

ಡಬ್ಬಿ ಒಡೆಯದೆ ಇಡುವ ಯೋಚನೆ ಲಾಭಕ್ಕಾಗಿ ಇದ್ದರೆ ಸ್ಯಾಟರ್ನ್ 5 ರಾಕೆಟ್ ಸೆಟ್‌ನ ಕಥೆ ನೋಡಿ. 2017ರಲ್ಲಿ ಬಂದ ಅದು (21309, ಚಂದ್ರನ ಮೇಲೆ ಕಾಲಿಟ್ಟ ವರ್ಷದ ನೆನಪಿಗೆ ಸರಿಯಾಗಿ 1969 ಪೀಸ್) ಮಾರುಕಟ್ಟೆಯಿಂದ ಹೋದಾಗ ಹಳೆ ಡಬ್ಬಿಗಳ ಬೆಲೆ ಏರಿತು. 2020ರಲ್ಲಿ ಕಂಪನಿ ಅದೇ ರಾಕೆಟ್ಟನ್ನು 92176 ಎಂಬ ಹೊಸ ನಂಬರಿನಲ್ಲಿ ಮತ್ತೆ ತಂದಿತು. ಏರಿದ ಬೆಲೆಗೆ ಕೊಂಡು ಕೂತವರ ಲೆಕ್ಕ ತಲೆಕೆಳಗಾಯಿತು. ಅದೂ ಅಲ್ಲದೆ, ಒಡೆಯದ ಡಬ್ಬಿಯೊಳಗಿನ ಸ್ಟಿಕರ್ ಹಾಳೆಯ ಅಂಟು ನಮ್ಮ ಸೆಕೆಗೆ ಒಣಗುತ್ತದೆ, ಹೊರಗಿನ ರಟ್ಟನ್ನು ಗೆದ್ದಲು ನೋಡಿಕೊಳ್ಳುತ್ತದೆ.

ಹೊರದೇಶದಿಂದ ತರಿಸುವ ಮುಂಚೆ ಸುಂಕದ ಲೆಕ್ಕ ಹಾಕಿ. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಇಲ್ಲಿಯೇ ಕೊಂಡರೆ ಡಬ್ಬಿಯ ಮೇಲೆ ಐಎಸ್‌ಐ ಗುರುತು ನೋಡಿ, 2021ರ ಜನವರಿ 1ರಿಂದ ಅದು ಕಡ್ಡಾಯ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಒಂದೊಂದು ಸ್ಟಡ್‌ನ ತಲೆಯ ಮೇಲೂ ಕಂಪನಿಯ ಹೆಸರು ಉಬ್ಬಿರಬೇಕು. ಉಗುರಿನಿಂದ ಸವರಿದರೆ ಗೊತ್ತಾಗುತ್ತದೆ. ಕಂದು, ಕಡುಗೆಂಪು ಪೀಸ್‌ಗಳಿದ್ದರೆ ಒಂದೆರಡನ್ನು ಮಾರುವವರ ಎದುರಲ್ಲೇ ಬಿಚ್ಚಿಸಿ ನೋಡಿ, ಕೆಲವು ವರ್ಷಗಳ ತಯಾರಿಯಲ್ಲಿ ಆ ಬಣ್ಣಗಳು ಬಿಚ್ಚುವಾಗಲೇ ಚಟ್ಟನೆ ಒಡೆಯುತ್ತವೆ.

ಖಾಲಿ ಡಬ್ಬಿ ಎಸೆಯಬೇಡಿ. ಅಂಟಿನ ಅಂಚು ಬಿಡಿಸಿ ಚಪ್ಪಟೆ ಮಾಡಿ, ಕೈಪಿಡಿ ಒಳಗಿಟ್ಟು, ಒಂದೆರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನ ಮೇಲಲ್ಲ, ಒಳಗೆ ಇಡಿ. ಮುಂದೆ ಮಾರುವ ಮನಸ್ಸಾದರೆ ಪೀಸ್ ಪೂರ್ತಿ ಇದ್ದು ಡಬ್ಬಿ, ಪುಸ್ತಕ ಜೊತೆಗಿರುವ ಸೆಟ್‌ಗೆ ಒಳ್ಳೆ ಬೆಲೆ ಬರುತ್ತದೆ.