ಕಮಾನಿನ ಅಂಚು ಹುಡುಕುವ ಕ್ಯಾಮೆರಾ

ಕಲಬುರಗಿ ಕೋಟೆಯ ಜಾಮಿ ಮಸೀದಿಗೆ ತೆರೆದ ಅಂಗಳವಿಲ್ಲ. 1367ರ ಈ ಕಟ್ಟಡ ಪೂರ್ತಿಯಾಗಿ ಚಾವಣಿಯಡಿಯಲ್ಲಿರುವುದರಿಂದ, ಬದಿಯ ಕಮಾನುಗಳಿಂದ ನುಸುಳುವ ಬೆಳಕು ಒಳಸಾಲುಗಳನ್ನು ತಲುಪುವಷ್ಟರಲ್ಲಿ ಸೊರಗಿರುತ್ತದೆ. ಒಳಗೆ ಕನ್ನಡಿಯಿರುವ, ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಆಟೋಫೋಕಸ್ (ತಾನಾಗಿಯೇ ಫೋಕಸ್ ಹಿಡಿಯುವ ವ್ಯವಸ್ಥೆ) ಪರೀಕ್ಷಿಸಲು ನಮ್ಮೂರಿನಲ್ಲಿ ಇದಕ್ಕಿಂತ ತಕ್ಕ ಜಾಗ ನನಗೆ ಕಂಡಿಲ್ಲ. ಕಮಾನಿನ ಅಂಚಿಗೆ ಗುರಿಯಿಟ್ಟರೆ ಲೆನ್ಸ್ ಥಟ್ಟನೆ ನಿಲ್ಲುತ್ತದೆ. ಪಕ್ಕದ ನುಣುಪು ಗಾರೆಗೆ ತಿರುಗಿಸಿದರೆ ಹಿಂದೆ ಮುಂದೆ ತಡಕಾಡಿ ಕೈಚೆಲ್ಲುತ್ತದೆ.

ಇದರ ಕಾರಣ ಕ್ಯಾಮೆರಾದ ಒಡಲಲ್ಲಿದೆ. ಮುಖ್ಯ ಕನ್ನಡಿಯ ನಡುಭಾಗ ಸ್ವಲ್ಪ ಬೆಳಕನ್ನು ಹಿಂದಕ್ಕೆ ಬಿಡುತ್ತದೆ. ಅಲ್ಲಿರುವ ಪುಟ್ಟ ಕನ್ನಡಿ ಅದನ್ನು ತಳದ ಫೋಕಸ್ ಸೆನ್ಸರಿಗೆ ಇಳಿಸುತ್ತದೆ. ಲೆನ್ಸಿನ ಎರಡು ಬದಿಗಳಿಂದ ಬಂದ ಬೆಳಕು ಅಲ್ಲಿ ಎರಡು ಬಿಂಬಗಳಾಗಿ ಮೂಡುತ್ತದೆ, ಮತ್ತು ಆ ಬಿಂಬಗಳ ಅಂತರದಿಂದಲೇ ಲೆನ್ಸ್ ಯಾವ ಕಡೆಗೆ, ಎಷ್ಟು ಸರಿಯಬೇಕೆಂಬುದು ಒಮ್ಮೆಲೇ ತಿಳಿಯುತ್ತದೆ. ಅಂತರ ಅಳೆಯಲು ಬಿಂಬದಲ್ಲಿ ಗೆರೆಯೋ ಅಂಚೋ ಇರಬೇಕು. ಬೋಳು ಗಾರೆಯಲ್ಲಿ ಅದಿಲ್ಲ.

ಅಂಗಡಿಯಲ್ಲಿ ಮೊದಲು ಹೇಳುವುದು ಫೋಕಸ್ ಬಿಂದುಗಳ, ಅಂದರೆ ಚೌಕಟ್ಟಿನಲ್ಲಿ ಫೋಕಸ್ ಅಳೆಯುವ ಜಾಗಗಳ, ಸಂಖ್ಯೆಯನ್ನು: ಕ್ಯಾನನ್ 1500ಡಿಯಲ್ಲಿ 9, ನಿಕಾನ್ ಡಿ3500ರಲ್ಲಿ 11. ಈ ಎರಡರ ವ್ಯತ್ಯಾಸಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅಡ್ಡ ಗೆರೆಯನ್ನೂ ಉದ್ದ ಗೆರೆಯನ್ನೂ ಗುರುತಿಸಬಲ್ಲ ಕ್ರಾಸ್ ಮಾದರಿಯ ಬಿಂದು ಎರಡರಲ್ಲೂ ಒಂದೇ, ಅದೂ ನಟ್ಟನಡುವೆ. ಉಳಿದವುಗಳಿಗೆ ಒಂದು ದಿಕ್ಕಿನ ಗೆರೆ ಮಾತ್ರ ಕಾಣುತ್ತದೆ. ಮಂದ ಬೆಳಕಿನಲ್ಲಿ ಬದಿಯ ಬಿಂದು ತಡವರಿಸಿದಾಗ ಕ್ಯಾಮೆರಾವನ್ನು ತುಸು ಓರೆಯಾಗಿ ಹಿಡಿದರೆ ಎಷ್ಟೋ ಸಲ ಫೋಕಸ್ ಸಿಕ್ಕಿಬಿಡುವುದು ಇದರಿಂದಲೇ. ನಿಕಾನ್ ಡಿ5600ರ ಮಾತು ಬೇರೆ: ಅದರ 39 ಬಿಂದುಗಳಲ್ಲಿ 9 ಕ್ರಾಸ್ ಮಾದರಿಯವು.

ಕಿಂಡಿಯ ಬದಲು ಹಿಂಬದಿಯ ಪರದೆ ನೋಡಿ ತೆಗೆಯುವಾಗ ಕನ್ನಡಿ ಮೇಲೆದ್ದಿರುವುದರಿಂದ ಆ ತಳದ ಸೆನ್ಸರಿಗೆ ಬೆಳಕೇ ಹೋಗುವುದಿಲ್ಲ. ಆಗ ಈ ಮೂರೂ ಕ್ಯಾಮೆರಾಗಳು ಲೆನ್ಸನ್ನು ಆಚೀಚೆ ಸರಿಸುತ್ತಾ ಚಿತ್ರ ಎಲ್ಲಿ ಅತಿ ಸ್ಪಷ್ಟವೆಂದು ಹುಡುಕುತ್ತವೆ; ತಡವಾಗುವುದು ಸಹಜ. ಕ್ಯಾನನ್ 200ಡಿ ಮಾರ್ಕ್ 2ರಲ್ಲಿ ಚಿತ್ರ ಸೆರೆಹಿಡಿಯುವ ಸೆನ್ಸರಿನ ಪಿಕ್ಸೆಲ್‌ಗಳೇ ಎರಡು ಹೋಳಾಗಿದ್ದು, ಎರಡು ಬಿಂಬಗಳ ಹೋಲಿಕೆ ಅಲ್ಲೇ ನಡೆಯುವುದರಿಂದ ಈ ಹುಡುಕಾಟ ಬಹಳ ಕಡಿಮೆ.

ಮಸೀದಿಯ ಕಂಬಗಳು ಅಲುಗುವುದಿಲ್ಲ; ನಡುಬಿಂದುವಿನಲ್ಲಿ ಫೋಕಸ್ ಹಿಡಿದು, ಗುಂಡಿಯನ್ನು ಅರ್ಧ ಒತ್ತಿಕೊಂಡೇ ಚೌಕಟ್ಟು ಬದಲಿಸಿದರೆ 9 ಬಿಂದುಗಳ ಕ್ಯಾಮೆರಾ ಧಾರಾಳವಾಗಿ ಸಾಕು. ಬೀದರ್ ಜಿಲ್ಲೆಯ ಬಯಲಿನಲ್ಲಿ ನೆಗೆದೋಡುವ ಕೃಷ್ಣಮೃಗ ಅಷ್ಟು ಹೊತ್ತು ನಡುಬಿಂದುವಿನಲ್ಲಿ ನಿಲ್ಲದು. ಅದನ್ನು ಬೆನ್ನಟ್ಟಲು ಬಯಸುವವರು ಡಿ5600ಕ್ಕೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ.